ಕ್ರೌಂಚಗಳನ್ನು ನೋಡಲು ಯಾವ ಬೈನಾಕ್ಯುಲರ್?

ಶರತ್ಕಾಲದಲ್ಲಿ ಕ್ರೌಂಚಗಳ ಹಿಂಡು ಕೂಗುತ್ತಾ ನಮ್ಮ ಹೆಸ್ಸೆನ್ ರಾಜ್ಯವನ್ನು ದಾಟಿ ಸ್ಪೇನ್ ಕಡೆಗೆ ಸಾಗುವಾಗ ಸಂಘದ ಗೆಳೆಯರು ನನ್ನನ್ನು ಕೇಳುತ್ತಾರೆ: ಎರಡು ಸಾವಿರ ಯೂರೋ ಮೀರುವ ಬೈನಾಕ್ಯುಲರ್‌ಗಳಲ್ಲಿ ಯಾವುದನ್ನು ಕೊಳ್ಳೋಣ?

ಮೊದಲು 8×42 ಎಂಬ ಅಂಕಿ ನೋಡೋಣ. 8 ಎಂದರೆ ಎಂಟು ಪಟ್ಟು ಹತ್ತಿರ. 42 ಎಂದರೆ ಮುಂದಿನ ಮಸೂರದ ವ್ಯಾಸ, ಮಿಲಿಮೀಟರಿನಲ್ಲಿ. ಭಾಗಿಸಿದರೆ 5.25 ಮಿ.ಮೀ.: ಕಣ್ಣಿಗೆ ತಲುಪುವ ಬೆಳಕಿನ ಕಿಂಡಿಯ ಅಗಲ. 10×42ರಲ್ಲಿ ಅದು 4.2ಕ್ಕೆ ಇಳಿಯುತ್ತದೆ, ಮುಸ್ಸಂಜೆಗೆ ನೋಟ ಮಂಕು, ಕೈನಡುಕವೂ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ನನ್ನ ಮತ 8ಕ್ಕೇ.

ಸ್ಪಷ್ಟತೆಯಲ್ಲಿ ಈ ಮೂರರ ನಡುವೆ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಬೇರೆಯಾಗುವುದು ನೋಟದ ಅಗಲ. 1000 ಮೀಟರ್ ದೂರದಲ್ಲಿ ವೆಟ್ಸ್‌ಲಾರ್‌ನ ಲೈಕಾ ನೊಕ್ಟಿವಿಡ್ 135 ಮೀಟರ್ ತೋರಿಸಿದರೆ, ಝೈಸ್ ಎಸ್‌ಎಫ್ 148, ಆಸ್ಟ್ರಿಯದ ಸ್ವರೋವ್‌ಸ್ಕಿ ಎನ್‌ಎಲ್ ಪ್ಯೂರ್ 159. ಹಾರುವ ಹಿಂಡನ್ನು ಹಿಡಿಯಲು ಈ ಅಗಲವೇ ಬೇಕು.

ಕನ್ನಡಕದವರು (ನಮ್ಮಲ್ಲಿ ಅರ್ಧ ಜನ!) ಅಂಕಿಯನ್ನಷ್ಟೇ ನಂಬಬೇಡಿ. ಕಣ್ಣು ದೂರ ಸರಿದಷ್ಟೂ ನೋಟದ ಅಂಚು ಕತ್ತರಿಸಿಹೋಗುತ್ತದೆ. ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡೇ, ಕಣ್ಣಿಗೆ ತಾಗುವ ರಬ್ಬರ್ ಬಟ್ಟಲನ್ನು ಪೂರ್ತಿ ಒಳಕ್ಕೆ ತಿರುಗಿಸಿ ನೋಡಿ.

ನನ್ನ ಕೊರಳಲ್ಲಿರುವುದು ಝೈಸ್. 800 ಗ್ರಾಂ ಒಳಗೇ ತೂಗುತ್ತದೆ. ಮಕ್ಕಳಿಗೆ ಅದೂ ಭಾರವೇ, ಅವರಿಗೆ ಸಾಧಾರಣ 8×32 ಸಾಕು.