ಫೈಲ್ ಸೇವ್ ಮಾಡಿದ ಮಾತ್ರಕ್ಕೆ ಮೇಲ್ ಫಾರ್ವರ್ಡ್ ಆಗದು

ಸಂಸ್ಥೆಯ ವಿಳಾಸಕ್ಕೆ ಬರುವ ಮೇಲ್ ಯಾರ ಇನ್‌ಬಾಕ್ಸ್‌ಗೆ ಹೋಗಬೇಕು ಎಂಬುದನ್ನು ಪೋಸ್ಟ್‌ಫಿಕ್ಸ್ ಸರ್ವರ್‌ನಲ್ಲಿ ‘ವರ್ಚುವಲ್’ ಎಂಬ ಸಣ್ಣ ಫೈಲ್ ನಿರ್ಧರಿಸುತ್ತದೆ. ಎಡಕ್ಕೆ ಬಂದ ವಿಳಾಸ, ನಡುವೆ ಖಾಲಿ ಜಾಗ, ಬಲಕ್ಕೆ ಹೋಗಬೇಕಾದ ವಿಳಾಸ. ನೋಡಲು ಇಷ್ಟು ಸರಳವಾಗಿರುವುದರಿಂದಲೇ ತಪ್ಪು ಕಲ್ಪನೆಗಳೂ ಹೆಚ್ಚು. ಅವುಗಳ ಫಲವಾಗಿ ಅರ್ಜಿ, ದೂರು, ಬಿಲ್ಲುಗಳ ಮೇಲ್‌ಗಳು ಯಾರಿಗೂ ತಲುಪದೆ ಹೋಗುತ್ತವೆ.

ಎಲ್ಲಕ್ಕಿಂತ ಹೆಚ್ಚು ಕಾಡುವ ನಂಬಿಕೆ: ಫೈಲ್ ತಿದ್ದಿ ಸೇವ್ ಮಾಡಿದರೆ ಕೆಲಸ ಮುಗಿಯಿತು. ಸತ್ಯ ಬೇರೆ. ಸೆಟ್ಟಿಂಗ್‌ನಲ್ಲಿ ‘ಹ್ಯಾಶ್’ ಎಂದು ಬರೆದಿದ್ದರೆ ಸರ್ವರ್ ಆ ಪಠ್ಯವನ್ನು ಓದುವುದೇ ಇಲ್ಲ. ಅದರಿಂದ ತಯಾರಾದ, ಹೆಸರಿನ ಕೊನೆಗೆ ಡಿಬಿ ಎಂದಿರುವ ಇನ್ನೊಂದು ಫೈಲನ್ನು ಓದುತ್ತದೆ. ಅದನ್ನು ತಯಾರಿಸುವುದು ‘ಪೋಸ್ಟ್‌ಮ್ಯಾಪ್’ ಕಮಾಂಡ್. ಅದನ್ನು ಓಡಿಸುವವರೆಗೆ ಹಳೆಯ ಪಟ್ಟಿಯೇ ಜಾರಿಯಲ್ಲಿರುತ್ತದೆ; ಪಠ್ಯಕ್ಕಿಂತ ಡಿಬಿ ಹಳೆಯದು ಎಂಬ ಎಚ್ಚರಿಕೆ ಲಾಗ್‌ನಲ್ಲಿ ಬಿದ್ದಿರುತ್ತದೆ, ನೋಡುವವರು ಬೇಕಷ್ಟೆ. ಇದಕ್ಕೆ ಅಂಟಿಕೊಂಡೇ ಇನ್ನೊಂದು ನಂಬಿಕೆಯಿದೆ: ಪ್ರತಿ ಸಲವೂ ಸರ್ವರ್ ರೀಸ್ಟಾರ್ಟ್ ಮಾಡಬೇಕು. ಬೇಕಿಲ್ಲ. ಡಿಬಿ ಬದಲಾದದ್ದನ್ನು ಪೋಸ್ಟ್‌ಫಿಕ್ಸ್ ತಾನೇ ಗುರುತಿಸುತ್ತದೆ. ಮುಖ್ಯ ಸೆಟ್ಟಿಂಗ್ ಫೈಲ್ ತಿದ್ದಿದಾಗ ರೀಲೋಡ್ ಕೊಡಬೇಕು.

ಪಟ್ಟಿಯಲ್ಲಿ ಮೇಲಿನ ಸಾಲೇ ಗೆಲ್ಲುತ್ತದೆ ಎಂದು ನಂಬಿ, ಇಡೀ ಡೊಮೈನ್‌ಗೆ ಬರೆದ ಸಾಲನ್ನು ಕೊನೆಗೆ ತಳ್ಳುವವರಿದ್ದಾರೆ. ಹ್ಯಾಶ್ ಪಟ್ಟಿಯಲ್ಲಿ ಸಾಲುಗಳ ಕ್ರಮಕ್ಕೆ ಬೆಲೆಯಿಲ್ಲ. ಮೊದಲು ಪೂರ್ಣ ವಿಳಾಸವನ್ನು ಹುಡುಕುತ್ತದೆ, ಅದು ಸಿಗದಿದ್ದಾಗಲೇ ಡೊಮೈನ್ ಸಾಲಿಗೆ ಬರುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಷನ್ ಪಟ್ಟಿಯಲ್ಲಾದರೆ ಕ್ರಮವೇ ಎಲ್ಲ: ಮೇಲಿನಿಂದ ಕೆಳಗೆ, ಮೊದಲು ಹೊಂದಿದ್ದೇ ಉತ್ತರ. ಆ ಪಟ್ಟಿಗೆ ಪೋಸ್ಟ್‌ಮ್ಯಾಪ್‌ನ ಅಗತ್ಯವೂ ಇಲ್ಲ.

‘ಅಲಿಯಾಸಸ್’ ಫೈಲ್, ‘ವರ್ಚುವಲ್’ ಫೈಲ್ ಎರಡೂ ಒಂದೇ ಎನ್ನುವುದೂ ತಪ್ಪು. ಮೊದಲನೆಯದರಲ್ಲಿ ಹೆಸರಿನ ನಂತರ ಕೋಲನ್ ಇರುತ್ತದೆ, ಅದು ಅದೇ ಯಂತ್ರದೊಳಗೆ ಬಟವಾಡೆಯಾಗುವ ಮೇಲ್‌ಗೆ ಮಾತ್ರ ಅನ್ವಯ, ಅದರ ಕಮಾಂಡ್ ‘ನ್ಯೂಅಲಿಯಾಸಸ್’. ಎರಡನೆಯದರಲ್ಲಿ ಕೋಲನ್ ಇಲ್ಲ, ಅದು ಯಾವ ಡೊಮೈನ್‌ನ ವಿಳಾಸಕ್ಕೂ ಅನ್ವಯಿಸುತ್ತದೆ. ಎರಡರಲ್ಲೂ ಸಾಲಿನ ಆರಂಭದಲ್ಲಿ ಖಾಲಿ ಜಾಗ ಬಿಟ್ಟರೆ ಅದು ಹಿಂದಿನ ಸಾಲಿನ ಮುಂದುವರಿಕೆ ಎನಿಸಿಕೊಳ್ಳುತ್ತದೆ. ಚೆಂದಕ್ಕಾಗಿ ಸಾಲನ್ನು ಒಳಗೆ ಸರಿಸಿದವರು ಇದರಿಂದ ಕಷ್ಟಕ್ಕೆ ಸಿಕ್ಕುತ್ತಾರೆ.

ಫಾರ್ವರ್ಡ್ ಮಾಡಿದರೂ ಮೂಲ ಪೆಟ್ಟಿಗೆಯಲ್ಲಿ ಒಂದು ಪ್ರತಿ ಉಳಿಯುತ್ತದೆಯೇ? ತಾನಾಗಿ ಉಳಿಯದು. ಮೂಲ ವಿಳಾಸವನ್ನೂ ಬಲಭಾಗದಲ್ಲಿ ಬರೆಯಬೇಕು. ಬರೆದದ್ದು ಸರಿಯೇ ಎಂದು ತಿಳಿಯಲು ಪರೀಕ್ಷಾ ಮೇಲ್ ಕಳಿಸಿ ಕಾಯಬೇಕಿಲ್ಲ. ಪೋಸ್ಟ್‌ಮ್ಯಾಪ್‌ಗೆ ‘-ಕ್ಯೂ’ ಜೊತೆ ವಿಳಾಸ, ಪಟ್ಟಿಯ ಹೆಸರು ಕೊಟ್ಟರೆ ಆ ಸಾಲಿನ ಉತ್ತರವನ್ನು ಅಲ್ಲೇ ತೋರಿಸುತ್ತದೆ. ಈ ಅಭ್ಯಾಸವನ್ನು ಪ್ರತಿಯೊಬ್ಬ ಅಡ್ಮಿನ್‌ಗೂ ಮೊದಲ ದಿನವೇ ಕಲಿಸಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಪಟ್ಟಿ ಸರಿಯಿದ್ದರೆ ಮೇಲ್ ತಲುಪಿಯೇ ತಲುಪುತ್ತದೆ ಎಂಬ ಭರವಸೆಯೂ ನಿಲ್ಲದು. ಫಾರ್ವರ್ಡ್ ಆದ ಮೇಲ್‌ನ ಲಕೋಟೆಯ ಮೇಲೆ ಮೂಲ ಕಳುಹಿಸಿದವರ ವಿಳಾಸವೇ ಇರುತ್ತದೆ, ಆದರೆ ಅದು ಹೊರಡುವುದು ನಮ್ಮ ಸರ್ವರ್‌ನಿಂದ. ಅವರ ಡೊಮೈನ್‌ನ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂದು ಹೇಳುವ ಎಸ್‌ಪಿಎಫ್ ದಾಖಲೆಯಲ್ಲಿ ನಮ್ಮ ಸರ್ವರ್‌ನ ಐಪಿ ಇರುವುದಿಲ್ಲವಾದ್ದರಿಂದ ಪಡೆಯುವ ಸರ್ವರ್ ಅದನ್ನು ಸ್ಪ್ಯಾಮ್‌ಗೆ ಹಾಕಬಹುದು, ತಿರಸ್ಕರಿಸಲೂಬಹುದು. ಡಿಕೆಐಎಂ ಸಹಿಯಿದ್ದು, ದಾರಿಯಲ್ಲಿ ಮೇಲ್ ಬದಲಾಗದಿದ್ದರೆ ಅದು ನೆರವಿಗೆ ಬರುತ್ತದೆ. ಸಹಿಯಿಲ್ಲದ ಮೇಲ್‌ಗಳ ವಿಷಯದಲ್ಲಿ ಲಕೋಟೆಯ ವಿಳಾಸವನ್ನು ನಮ್ಮ ಡೊಮೈನ್‌ಗೆ ಬದಲಿಸುವ ಎಸ್‌ಆರ್‌ಎಸ್ ವಿಧಾನವನ್ನು ಪ್ರತ್ಯೇಕವಾಗಿ ಜೋಡಿಸಬೇಕು. ವರ್ಚುವಲ್ ಫೈಲ್‌ನಲ್ಲಿ ಎಷ್ಟೇ ತಿದ್ದಿದರೂ ಆ ಕೆಲಸ ಆಗುವುದಿಲ್ಲ.