ಅಲಗಿನ ಸಾಲುಗಳ ನಡುವಣ ಗಾಳಿ

ಭೋಸರಿಯ ಕೈಗಾರಿಕಾ ವಸಾಹತಿನಲ್ಲಿ ಕಂಪ್ರೆಸರು ಎಂಬ ಮಾತು ಯಾರಿಗೂ ಹೊಸದಲ್ಲ. ಆದರೆ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಗಾಳಿಯನ್ನು ಸೆರೆಹಿಡಿದು ಹಿಂಡುವ ಯಂತ್ರ. ಜೆಟ್ ವಿಮಾನದ ಕಂಪ್ರೆಸರು ಬೇರೆ ಬಗೆಯದು. ಅಲ್ಲಿ ಗಾಳಿಯು ಅಕ್ಷದ ಗುಂಟ ಹರಿಯುತ್ತಲೇ ಒತ್ತಡವನ್ನು ಪಡೆಯುತ್ತದೆ.

ತಿರುಗುವ ಅಲಗುಗಳದೊಂದು ಸಾಲು, ಅದರ ಹಿಂದೆ ನಿಶ್ಚಲವಾದ ಅಲಗುಗಳದೊಂದು ಸಾಲು, ಇವೆರಡೂ ಸೇರಿ ಒಂದು ಹಂತ. ಮೊದಲನೆಯದು ಗಾಳಿಗೆ ವೇಗವನ್ನೂ ಒತ್ತಡವನ್ನೂ ಕೊಡುತ್ತದೆ. ಎರಡನೆಯದು ಆ ವೇಗವನ್ನು ತಗ್ಗಿಸಿ ಒತ್ತಡವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯು ರೂಪಿಸಿದ ‘ಕಾವೇರಿ’ ಎಂಜಿನಿನಲ್ಲಿ ಮುಂದಣ ಫ್ಯಾನಿಗೆ 3 ಹಂತಗಳು, ಅದರ ಹಿಂದಣ ಅಧಿಕ ಒತ್ತಡದ ಕಂಪ್ರೆಸರಿಗೆ 6 ಹಂತಗಳು.

ಮಳೆಗಾಲದಲ್ಲಿ ಆಳಂದಿಯ ಸೇತುವೆಯ ಮೇಲೆ ನಿಂತು ಇಂದ್ರಾಯಣಿಯನ್ನು ನೋಡಿದರೆ, ಪ್ರತಿಯೊಂದು ಕಂಬದ ಹಿಂದೆಯೂ ನೀರು ಮಂದವಾಗಿ, ಸುಳಿಸುಳಿಯಾಗಿ ಹೋಗುವುದು ಕಾಣುತ್ತದೆ. ಅಲಗಿನ ಹಿಂದೆಯೂ ಗಾಳಿಯ ಇಂಥದೇ ಜಾಡು ಉಂಟು. 40 ಅಲಗುಗಳ ಸಾಲು ನಿಮಿಷಕ್ಕೆ 12,000 ಸುತ್ತು ತಿರುಗುವುದೆಂದು ಭಾವಿಸೋಣ. ಹಿಂದಣ ನಿಶ್ಚಲ ಅಲಗೊಂದಕ್ಕೆ ಸೆಕೆಂಡಿಗೆ 8,000 ಜಾಡುಗಳು, ಗಂಟೆಗೆ 2 ಕೋಟಿ 88 ಲಕ್ಷ ಜಾಡುಗಳು ತಾಗುವುವು. ಈ ಎಣಿಕೆಯು ಅಲಗಿನ ಸಹಜ ಕಂಪನದ ಎಣಿಕೆಯೊಡನೆ ಕೂಡಿತೆಂದರೆ ಕಂಪನ ಬೆಳೆದು ಲೋಹ ದಣಿಯುತ್ತದೆ, ಬಿರಿಯಲೂಬಹುದು. ಎರಡು ಸಾಲುಗಳಿಗೂ ಸಮಸಂಖ್ಯೆಯ ಅಲಗುಗಳಿದ್ದರೆ ಎಲ್ಲ ಅಲಗುಗಳಿಗೂ ಪೆಟ್ಟು ಏಕಕಾಲಕ್ಕೆ ಬೀಳುವುದು. ಆದುದರಿಂದಲೇ ಸಂಖ್ಯೆಗಳನ್ನು ಭಿನ್ನವಾಗಿಡುವ ರೂಢಿ.

ಹಾಗಾದರೆ ಸಾಲುಗಳನ್ನು ದೂರದೂರ ಇಡಬಾರದೆ? ಮಂದಗತಿಯ ಕಂಪ್ರೆಸರುಗಳ ಮೇಲೆ 1970ರ ಸುಮಾರಿಗೆ ನಡೆದ ಪ್ರಯೋಗಗಳು ಇದಕ್ಕೆ ವಿರುದ್ಧವಾದುದನ್ನೇ ತೋರಿಸಿದುವು: ಸಾಲುಗಳು ಹತ್ತಿರವಾದಂತೆ ಒತ್ತಡವೂ ದಕ್ಷತೆಯೂ ಹೆಚ್ಚಿದುವು. ಜಾಡು ತೆರಪಿನಲ್ಲಿ ವ್ಯರ್ಥವಾಗಿ ಕರಗುವ ಮೊದಲೇ ಮುಂದಿನ ಅಲಗುಗಳ ನಡುವೆ ಹೊಕ್ಕು ಹಿಗ್ಗಿ, ತನ್ನ ಶಕ್ತಿಯ ಒಂದು ಪಾಲನ್ನು ಹಿಂದಿರುಗಿಸುತ್ತದೆ. ಆದರೆ ಅಲಗಿನ ತುದಿಗೆ ಗಾಳಿ ಶಬ್ದವೇಗವನ್ನು ಮೀರಿ ಬಂದೆರಗುವಲ್ಲಿ ಕಥೆ ಬೇರೆ. ಅಲಗಿನ ಮುಂದೆ ಏಳುವ ಆಘಾತತರಂಗವು ಪ್ರವಾಹಕ್ಕೆ ಎದುರಾಗಿ ಸಾಗಿ, ಮುಂಚಿನ ಸಾಲಿನ ಅಂಚಿಗೆ ಬಡಿಯುತ್ತದೆ. ಸಾಲುಗಳು ತೀರ ಹತ್ತಿರವಿದ್ದರೆ ಅಲ್ಲಿ ನಷ್ಟ ಹೆಚ್ಚಿ ದಕ್ಷತೆ ಕುಗ್ಗುವುದೆಂದು ಮುಂದಿನ ಪರೀಕ್ಷೆಗಳಿಂದ ತಿಳಿಯಿತು. ದೂರವಿಟ್ಟರೆ ಎಂಜಿನಿನ ಉದ್ದವೂ ತೂಕವೂ ಬೆಳೆಯುವುವು.

ಅಸ್ಥಿರತೆಯನ್ನು ಸಂಪೂರ್ಣವಾಗಿ ನೀಗುವುದಂತೂ ಅಸಾಧ್ಯ. ಚಲಿಸುವ ಅಲಗು ಒತ್ತಡವನ್ನು ಕ್ಷಣಕ್ಷಣಕ್ಕೂ ಏರಿಳಿಸುವುದರಿಂದಲೇ ಗಾಳಿಗೆ ಶಕ್ತಿ ಸಂದಾಯವಾಗುವುದು. ಅದನ್ನು ಅಳೆದು ಅಂಕೆಯಲ್ಲಿಡುವುದಷ್ಟೇ ಶಿಲ್ಪಿಯ ಕೆಲಸ.

‘ಕಾವೇರಿ’ಗೆ 1989ರಲ್ಲಿ ಮಂಜೂರಾತಿ ದೊರೆಯಿತು, 1996ರಲ್ಲಿ ಪೂರ್ಣ ಎಂಜಿನು ಮೊದಲು ಓಡಿತು, 2008ರಲ್ಲಿ ಅದನ್ನು ತೇಜಸ್ ವಿಮಾನದಿಂದ ಬೇರ್ಪಡಿಸಲಾಯಿತು. ಇದಕ್ಕೆ ಕಾರಣಗಳು ಹಲವು. ಆದರೆ ವಿಳಂಬವನ್ನು ಕೇವಲ ವರ್ಷಗಳಿಂದಲೂ ರೂಪಾಯಿಗಳಿಂದಲೂ ಅಳೆಯುವ ನಮ್ಮಂಥವರು ಈ ಕಿರಿದಾದ ತೆರಪನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಲಗನ್ನು ನಕ್ಷೆಯಂತೆ ಕಡೆದು ತೆಗೆಯಬಲ್ಲ ಕೈಗಳು ನಮ್ಮಲ್ಲುಂಟು. ಎರಡು ಸಾಲುಗಳ ನಡುವೆ ಗಾಳಿ ಹೇಗೆ ನಡೆದುಕೊಳ್ಳುವುದೆಂಬ ಅರಿವಾದರೋ ದೀರ್ಘಕಾಲದ ಪರೀಕ್ಷೆಯಿಂದಲೇ ಕೂಡಿಬರತಕ್ಕ ಬಂಡವಾಳ.