ಒಂದು ಮಿಲಿಮೀಟರಿನ ಲೆಕ್ಕ

ದೊಡ್ಡ ಕರುಳಿನ ಗೋಡೆಯ ದಪ್ಪ ಕೆಲವೇ ಮಿಲಿಮೀಟರ್. ಕ್ಯಾನ್ಸರ್ ಹುಟ್ಟುವುದು ಅದರ ಒಳಮೈಯ ಲೋಳೆಪೊರೆಯಲ್ಲಿ. ಅಲ್ಲೇ ಇರುವ ತನಕ ಅದು ಬೇರೆಡೆ ಹರಡುವುದು ಇಲ್ಲವೆಂದೇ ಹೇಳಬಹುದು. ಪೊರೆಯ ಕೆಳಗಿನ ಸಡಿಲ ಪದರಕ್ಕೆ ಇಳಿಯಿತೋ, ರಕ್ತನಾಳ, ದುಗ್ಧನಾಳಗಳ ಜಾಲ ಅದಕ್ಕೆ ದಾರಿಯಾಗುತ್ತದೆ. ವೈದ್ಯರ ಭಾಷೆಯಲ್ಲಿ ಇದು ಟಿ1 ಹಂತ.

ಆಗ ಕೊಲೊನೊಸ್ಕೋಪಿಯಲ್ಲೇ ಗಡ್ಡೆ ತೆಗೆದರೆ ಸಾಕೇ? ದುಗ್ಧಗ್ರಂಥಿಗಳ ಸಮೇತ ಕರುಳಿನ ಭಾಗವನ್ನೇ ಕತ್ತರಿಸಬೇಕೇ? ಗಡ್ಡೆ ಗುದನಾಳದಲ್ಲಿದ್ದರೆ ಹೊಟ್ಟೆಯ ಮೇಲೆ ಮಲದ ಚೀಲ ಹೊರುವ ಪ್ರಸಂಗವೂ ಬರಬಹುದು.

ಈ ಗೊಂದಲಕ್ಕೆ ಅಳತೆಗೋಲು ಕೊಟ್ಟವರು ಜಪಾನಿನ ವೈದ್ಯರು. 865 ರೋಗಿಗಳನ್ನು ಪರಿಶೀಲಿಸಿ 2004ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ, ತೊಟ್ಟಿಲ್ಲದ ಗಡ್ಡೆ ಆ ಪದರದೊಳಗೆ ಒಂದು ಮಿಲಿಮೀಟರಿಗಿಂತ ಕಡಿಮೆ ಇಳಿದಿದ್ದಾಗ ಒಬ್ಬರ ಗ್ರಂಥಿಗೂ ಕ್ಯಾನ್ಸರ್ ತಲುಪಿರಲಿಲ್ಲ.

ಆದರೆ ಗಡ್ಡೆ ಇನ್ನೂ ಕರುಳಿನಲ್ಲಿರುವಾಗ ಆಳ ಅಳೆಯುವುದು ಹೇಗೆ? ಮೇಲ್ಮೈ ನೋಡಿ ಊಹಿಸಬೇಕು. ಶಿನ್-ಎ ಕುಡೊ ಎಂಬ ಜಪಾನಿ ವೈದ್ಯರು ಬಣ್ಣ ಹಚ್ಚಿ, ಹಿಗ್ಗಿಸಿ ತೋರಿಸುವ ಎಂಡೋಸ್ಕೋಪಿನಲ್ಲಿ ಲೋಳೆಪೊರೆಯ ಸೂಕ್ಷ್ಮ ರಂಧ್ರಗಳ ವಿನ್ಯಾಸ ಓದುವ ಕ್ರಮ ರೂಪಿಸಿದರು. ರಂಧ್ರಗಳು ದುಂಡಗೆ ಸಾಲಾಗಿದ್ದರೆ ಸಹಜ. ವಿನ್ಯಾಸವೇ ಅಳಿಸಿಹೋಗಿದ್ದರೆ ಕ್ಯಾನ್ಸರ್ ಆಳಕ್ಕಿಳಿದಿರುವ ಶಂಕೆ. ಇನ್ನೊಂದು ಉಪಾಯ, ಗಡ್ಡೆಯಡಿ ಸಲೈನ್ ಚುಚ್ಚುವುದು. ಗಡ್ಡೆ ಪೂರಿಯಂತೆ ಉಬ್ಬಿ ಮೇಲೆದ್ದರೆ ಒಳ್ಳೆಯದು. ಏಳದಿದ್ದರೆ ಬೇರು ಕೆಳಗೆ ಕಚ್ಚಿಕೊಂಡಿರಬಹುದು. ಹಾಗೆಂದು ಇದನ್ನೂ ಪೂರ್ತಿ ನಂಬುವಂತಿಲ್ಲ. ಹಿಂದೆ ಮಾಡಿದ ಬಯಾಪ್ಸಿಯ ಗಾಯದ ಕಲೆಯೂ ಗಡ್ಡೆಯನ್ನು ಹಿಡಿದಿಡುತ್ತದೆ. ಆದ್ದರಿಂದಲೇ ಎಂಡೋಸ್ಕೋಪಿಯಲ್ಲಿ ತೆಗೆಯಬಹುದಾದ ಗಡ್ಡೆಯನ್ನು ಸುಮ್ಮನೆ ಚಿವುಟಬೇಡಿ ಎನ್ನುತ್ತಾರೆ ಅನುಭವಿಗಳು.

ಕೊನೆಯ ಮಾತು ಪೆಥಾಲಜಿಸ್ಟರದು. ಗಡ್ಡೆ ಒಂದೇ ತುಂಡಾಗಿ ಬಂದರೆ ಅವರ ಕೆಲಸ ಸಲೀಸು. ಚೂರುಚೂರಾಗಿ ಬಂದರೆ ಆಳವೂ ಅಂಚೂ ತಿಳಿಯುವುದಿಲ್ಲ. ಸೂಕ್ಷ್ಮದರ್ಶಕದಡಿ ಅವರು ಆಳದ ಜತೆಗೆ ನಾಳಗಳೊಳಗೆ ಕ್ಯಾನ್ಸರ್ ಕೋಶ ನುಗ್ಗಿದೆಯೇ, ಗಡ್ಡೆಯ ಅಂಚಿನಲ್ಲಿ ಕೋಶಗಳು ಸಣ್ಣ ಗುಂಪುಗಳಾಗಿ ಕವಲೊಡೆಯುತ್ತಿವೆಯೇ ಎಂದೂ ನೋಡುತ್ತಾರೆ.

ಈ ಉಳಿದ ಲಕ್ಷಣಗಳ ತೂಕವೇ ಹೆಚ್ಚು ಎಂಬ ವಾದ ಈಗ ಬಲಗೊಂಡಿದೆ. ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಆಳವೊಂದನ್ನು ಬಿಟ್ಟು ಬೇರೆ ಅಪಾಯದ ಲಕ್ಷಣವಿಲ್ಲದಿದ್ದರೆ ಗ್ರಂಥಿಗೆ ಹರಡಿರುವ ಸಾಧ್ಯತೆ ಶೇ 2.6 ಮಾತ್ರ. ಹೃದ್ರೋಗವಿರುವ ಎಂಬತ್ತರ ವೃದ್ಧರಿಗೆ ದೊಡ್ಡ ಶಸ್ತ್ರಚಿಕಿತ್ಸೆಯ ಅಪಾಯವೇ ಇದನ್ನು ಮೀರಬಹುದು. ಅಂಥವರಿಗೆ ಕೊಲೊನೊಸ್ಕೋಪಿ ಮತ್ತು ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾ ನಿಗಾ ಇಡುವುದೂ ಈಗ ವೈದ್ಯರು ಮುಂದಿಡುವ ಆಯ್ಕೆಗಳಲ್ಲೊಂದು.